ಚಾಚಿಯ ಎಡಗೈ ಮತ್ತು ನಾನು ಬರೆದ ರಾಜಿ ಕಾಗದ

ಆ ರಾಜಿ ಕಾಗದ ಬರೆದವಳು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದಿನದನ್ನು ಓದಿ ಯಾರೂ ನನ್ನನ್ನು ದೊಡ್ಡ ವಕೀಲಳು ಅಂತ ತಿಳಿದುಕೊಳ್ಳುವುದು ಬೇಡ. ಸವಣೂರಿನ ಕೋರ್ಟಿನ ಎದುರಿಗಿನ ಚಹಾದಂಗಡಿಯ ಬೆಂಚಿನ ಮೇಲೆ, ಒಂದು ಕೈಯಲ್ಲಿ ಮಿರ್ಚಿ ಹಿಡಿದುಕೊಂಡು ಬರೆದೆ. ಹತ್ತು ನಿಮಿಷವೂ ಹಿಡಿಯಲಿಲ್ಲ. ಒಳಗೆ ನನ್ನದೊಂದು ಕೇಸನ್ನು ಕೂಗುವುದರಲ್ಲಿದ್ದರು, ಆ ಗಡಿಬಿಡಿ ಬೇರೆ.

ಕಾಗದ ಬೇಕಾಗಿದ್ದು ಚಾಚಿಗೆ. ಅವರು ಬಳೆ ಇಡಿಸುವವರು. ಸವಣೂರಿನಲ್ಲಿ ಮನೆ, ಹುಲಗೂರು, ಗೊಟಗೋಡಿ, ಬಂಕಾಪುರ, ಒಮ್ಮೊಮ್ಮೆ ಹಾನಗಲ್ಲಿನವರೆಗೂ ಬಳೆಯ ಪೆಟ್ಟಿಗೆ ತೆಗೆದುಕೊಂಡು ಹೋಗುತ್ತಿದ್ದರು. ಅವರ ಯಜಮಾನರು, ನಾವೆಲ್ಲ ಚಾಚಾ ಅನ್ನುವವರು, ಹಳೆಯ ಮೊಪೆಡ್ಡಿನ ಮೇಲೆ ಕರೆದೊಯ್ಯುತ್ತಿದ್ದರು. ನಾನು ಹುಟ್ಟಿದ ಕೇರಿಗೆ ಬೇರೆ ವ್ಯಾಪಾರದವರು ಬಂದರೆ ದೂರದಲ್ಲಿ ನಿಂತು ಸಾಮಾನು ನೆಲಕ್ಕಿಡುತ್ತಿದ್ದ ಕಾಲದಲ್ಲಿ, ಚಾಚಿ ನಮ್ಮ ಕಟ್ಟೆಯ ಮೇಲೆ ಕಾಲು ಮಡಚಿ ಕುಳಿತು, ನಮ್ಮವ್ವನ ಕೈಯನ್ನು ತಮ್ಮ ತೊಡೆಯ ಮೇಲೆ ಎಳೆದುಕೊಂಡು ಬಳೆ ಇಡಿಸುತ್ತಿದ್ದರು. ಕೊಟ್ಟ ನೀರನ್ನು ಕುಡಿಯುತ್ತಿದ್ದರು. ಮೂರನೆಯ ಇಯತ್ತೆಯಲ್ಲಿದ್ದಾಗ ನಾನು ಪಾಟಿಯ ಮೇಲೆ ಅವರಿಗೆ ಅವರ ಹೆಸರು ಬರೆಯುವುದನ್ನು ಕಲಿಸಿದ್ದೆ. ಆ ಸಹಿಯನ್ನೇ ಅವರು ಎಲ್ಲ ಕಡೆಯೂ ಮಾಡುತ್ತಾರೆ. ರಾಜಿ ಕಾಗದಕ್ಕೂ ಅದನ್ನೇ ಮಾಡಿದರು.

ಆದದ್ದು ಇಷ್ಟು. ಆಷಾಢದ ನಡುವಿನ ವಾರ, ಬೆಳಗಿನ ಹೊತ್ತು, ಹುಲಗೂರಿನಿಂದ ವಾಪಸು ಬರುವಾಗ ಸಾಮಾನು ಸಾಗಿಸುವ ಮೂರು ಗಾಲಿಯ ಟಂಟಂ ಒಂದು ಕೈ ತೋರಿಸದೆ ಅಡ್ಡ ತಿರುಗಿತು. ಹಿಂದೆ ಒಂದೇ ಕಡೆ ಕಾಲು ಇಳಿಬಿಟ್ಟು ಕುಳಿತಿದ್ದ ಚಾಚಿ ಮೊಪೆಡ್ಡಿನಿಂದ ಹಾರಿದರು. ತಲೆಯ ಬಲಭಾಗ ಟಂಟಂನ ಹಲಗೆಗೆ ಬಡಿಯಿತು. ಚಾಚಾನ ಮೊಣಕೈಯ ಚರ್ಮ ಕಿತ್ತಿತು. ಬಳೆಯ ಪೆಟ್ಟಿಗೆಯನ್ನು ಮಾತ್ರ ಚಾಚಿ ಎದೆಗವಚಿಕೊಂಡೇ ಬಿದ್ದರಂತೆ, ಅದಕ್ಕೆ ಏನೂ ಆಗಲಿಲ್ಲ. ಸರ್ಕಾರಿ ದವಾಖಾನೆಯಲ್ಲಿ ಪಟ್ಟಿ ಕಟ್ಟಿ, ಚೀಟಿಯ ಮೇಲೆ 'ಸಣ್ಣ ಗಾಯ' ಎಂದು ಬರೆದರು. ತಲೆನೋವು ಹೆಚ್ಚಾದರೆ, ವಾಂತಿಯಾದರೆ ತಿರುಗಿ ಬರಬೇಕು ಅಂತಲೂ ಅದೇ ಚೀಟಿಯಲ್ಲಿತ್ತು. ಅದನ್ನು ಯಾರೂ ಓದಲಿಲ್ಲ, ನಾನೂ ಓದಲಿಲ್ಲ.

ಟಂಟಂ ಓಡಿಸುತ್ತಿದ್ದವನು ಹುಲಗೂರಿನವನೇ, ಗಾಡಿಯೂ ಅವನದೇ. ಎರಡು ದಿನದ ಮೇಲೆ ಊರ ಹಿರಿಯರು ಅವನನ್ನು ಕರೆದುಕೊಂಡು ಚಹಾದಂಗಡಿಗೆ ಬಂದರು. ಅವನು ತಲೆ ಎತ್ತಲಿಲ್ಲ. ನಾನು ಚಾಚಿಗೆ, ಫಿರ್ಯಾದಿ ಕೊಡುತ್ತೀರೋ ಇಲ್ಲವೋ ಎಂದು ಕೇಳಿದೆ.

"ಏ ಬೇಟಿ, ಇವನ ಹೇಂತಿಗೆ ಏಳನೇ ತಿಂಗಳು. ಬರೂ ವಾರ ಕುಬಸ ಐತಿ. ಬಳಿ ಇಡಸಾಕ ಬರ್ತೇನಂತ ಆಕಿ ಅವ್ವಗ ಮಾತ ಕೊಟ್ಟೇನಿ. ಇವನ್ನ ಠಾಣೆಗೆ ಕಳಿಸಿ, ಅವರ ಮನಿಗೆ ಹೋಗಿ ಆಕಿ ಕೈ ಹೆಂಗ ಹಿಡೀಲಿ? ಬರದು ಕೊಡು, ನನಗೇನೂ ಆಗಿಲ್ಲ ಅಂತ," ಅಂದರು.

ಬಸುರಿಯ ಕುಬಸಕ್ಕೆ, ಅಂದರೆ ಸೀಮಂತಕ್ಕೆ, ಬಳೆ ಇಡಿಸುವ ಕೈಯಲ್ಲಿ ಹಗೆತನ ಇರಬಾರದು ಎನ್ನುವುದು ಅವರ ಧರ್ಮ, ಯಾವ ಶಾಸ್ತ್ರದಲ್ಲಿದೆಯೋ ನನಗೆ ಗೊತ್ತಿಲ್ಲ. ನಾನಾದರೂ ಒಂದು ತಿಂಗಳು ತಡೆಯಿರಿ ಅನ್ನಬೇಕಿತ್ತು. ಅನ್ನಲಿಲ್ಲ. ಇಂಥ ಕಾಗದ ನೂರು ಬರೆದಿದ್ದೆ, ರೂಢಿಯ ಒಕ್ಕಣೆ ತಾನಾಗಿಯೇ ಹರಿಯಿತು: 'ನನಗೆ ಯಾವುದೇ ಪೆಟ್ಟಾಗಿರುವುದಿಲ್ಲ. ಈಗಲೂ ಮುಂದೆಯೂ ನನ್ನದು ಯಾವ ತಕರಾರೂ ಇರುವುದಿಲ್ಲ.' ಮುಂದಿನದನ್ನು ಬರೆದುಕೊಡಲು ನಾನೇನು ಜೋಯಿಸಳೇ? ಚಾಚಿ ಸಹಿ ಮಾಡಿದರು. ಹುಡುಗ ಅವರ ಕಾಲು ಮುಟ್ಟಿದ. ಚಹಾ ಕುಡಿದು ಎಲ್ಲರೂ ಎದ್ದೆವು.

ಮೂರು ವಾರದ ಮೇಲೆ ಪಂಚಮಿ ಬಂತು. ಪ್ರತಿ ವರ್ಷದಂತೆ ಚಾಚಿ ನಮ್ಮ ಮನೆಗೆ ಬಂದರು. ಬಳೆ ಇಡಿಸುವುದನ್ನು ನೋಡಿದವರು ಬಲಗೈಯೇ ಕೆಲಸ ಮಾಡುತ್ತದೆ ಅಂದುಕೊಳ್ಳುತ್ತಾರೆ, ಹಾಗಲ್ಲ. ಎಡಗೈ ನಮ್ಮ ಗೆಣ್ಣುಗಳನ್ನು ಒತ್ತಿ, ಹೆಬ್ಬೆರಳನ್ನು ಅಂಗೈಯೊಳಗೆ ಮಡಚಿ, ಇಡೀ ಕೈಯನ್ನು ಸಣ್ಣದು ಮಾಡಬೇಕು. ಬಲಗೈ ಬಳೆಯನ್ನು ತಿರುಗಿಸುತ್ತ ಏರಿಸುತ್ತದೆ ಅಷ್ಟೆ. ಚಾಚಿಯ ಎಡಗೈ ಬಿಸಿ ರೊಟ್ಟಿಯ ಹಾಗೆ ಮೆತ್ತಗೆ ಇತ್ತು, ಆದರೆ ಹಿಡಿತ ಗಟ್ಟಿ. ಮಾತಾಡುತ್ತ ಮಾತಾಡುತ್ತ ಡಜನ್ ಬಳೆ ಏರಿರುತ್ತಿದ್ದವು, ನಮಗೆ ಗೊತ್ತೇ ಆಗುತ್ತಿರಲಿಲ್ಲ.

ಆ ಪಂಚಮಿಗೆ ಮೂರು ಬಳೆ ಒಡೆದವು. ಮೂರನೆಯದರ ಚೂರು ಮಣಿಕಟ್ಟಿನ ಒಳಗೆ ಹೊಕ್ಕು ರಕ್ತ ಬಂತು. ಚಾಚಿ ತಮ್ಮ ಕೈಯನ್ನು ಯಾರದೋ ಕೈ ಎಂಬಂತೆ ನೋಡಿಕೊಂಡರು. ನಾನು "ಏನಿಲ್ಲ ಬಿಡ್ರಿ" ಅಂದೆ. ಒಳಗೆ ಮಾತ್ರ ಸಿಟ್ಟು ನೆತ್ತಿಗೇರಿತ್ತು. ವಯಸ್ಸಾಯಿತು, ಲಕ್ಷ್ಯ ಇಲ್ಲ, ಬರುವ ವರ್ಷ ಅಂಗಡಿಯಲ್ಲೇ ಇಡಿಸಿಕೊಂಡರಾಯಿತು ಅಂದುಕೊಂಡೆ. ಚೂರುಗಳನ್ನು ಸೆರಗಿನಲ್ಲಿ ಕಟ್ಟಿ ದಾಸವಾಳದ ಬುಡಕ್ಕೆ ಹಾಕಿದೆ, ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಇಡಿಸಿಕೊಳ್ಳುವಾಗ ಬಳೆ ಒಡೆದರೆ ನಮ್ಮ ಕಡೆ ಹೆಂಗಸರು ಬಾಯಿ ಬಿಡುವುದಿಲ್ಲ. ಹೇಳಿದರೆ ಅಪಶಕುನಕ್ಕೆ ಕಾಲು ಬರುತ್ತದೆ ಅನ್ನುವ ಭಯ. ಆಫೀಸಿನಲ್ಲಿ ಬುದ್ಧನ ಪಟ ಇಟ್ಟುಕೊಂಡು ಶಕುನ ಗಿಕುನ ಸುಳ್ಳು ಅನ್ನುವ ನಾನೂ ಬಾಯಿ ಬಿಡಲಿಲ್ಲ.

ಮತ್ತೆ ಮೂರು ವಾರ ಕಳೆದವು. ಒಂದು ಬೆಳಿಗ್ಗೆ ಚಾಚಿ ನನ್ನ ಆಫೀಸಿಗೆ ಬಂದರು. ಚಾಚಾ ಹಿಂದೆ ನಿಂತಿದ್ದರು.

"ವಯಸ್ಸಾದವರ ಪಗಾರ ಬರತೈತೆಲ್ಲ, ಅದಕ್ಕ ಅರ್ಜಿ ಬರಿ ಬೇಟಿ. ನನ್ನ ಯಾರೂ ಕರ್ಯಾಕತ್ತಿಲ್ಲ. ಹುಲಗೂರಾಗ ಬಾಗಲಾ ಹಾಕ್ಕೊಂಡ್ರು," ಅಂದರು.

ನಾನು ಕುಳ್ಳಿರಿಸಿ ಚಹಾ ತರಿಸಿದೆ. ಚಹಾ ಕುಡಿದು ಲೋಟ ಇಟ್ಟು, ಮತ್ತೆ ಅದೇ ಮಾತು, ಅದೇ ಧಾಟಿಯಲ್ಲಿ: "ವಯಸ್ಸಾದವರ ಪಗಾರ ಬರತೈತೆಲ್ಲ..." ಮೂರನೆಯ ಸಲ ಕೇಳಿದಾಗ ನಾನು ಪೆನ್ನು ಕೆಳಗಿಟ್ಟೆ. ಚಾಚಾ ನನ್ನ ಮುಖ ನೋಡಲಾರದೆ ಬಾಗಿಲ ಕಡೆ ತಿರುಗಿದರು. ಅವರ ಜೊತೆಗೆ ನನ್ನ ಕಣ್ಣೂ ಬಾಗಿಲಿಗೆ ಹೋಯಿತು. ಹೊಸ್ತಿಲ ಹೊರಗೆ ಚಾಚಾನ ಎರಡು ಚಪ್ಪಲಿ, ಪಕ್ಕದಲ್ಲಿ ಚಾಚಿಯದು ಒಂದೇ. ಬಲಗಾಲಿನದು.

"ಚಾಚಿ, ಇನ್ನೊಂದ ಚಪ್ಪಲಿ ಎಲ್ಲೈತಿ?"

ಚಾಚಿ ಬಗ್ಗಿ ತಮ್ಮ ಎಡಗಾಲು ನೋಡಿದರು. ಪಾದವೆಲ್ಲ ಧೂಳು. "ಹಾಕ್ಕೊಂಡಿದ್ನೆಲ್ಲ," ಅಂದರು.

ಬಸ್ ಸ್ಟ್ಯಾಂಡಿನ ಹತ್ತಿರದ ಅವರ ಮನೆಯಿಂದ ನನ್ನ ಆಫೀಸಿಗೆ ಅರ್ಧ ಮೈಲಿ ನಡೆದು ಬಂದಿದ್ದರು. ದಾರಿಯಲ್ಲಿ ಚಪ್ಪಲಿ ಕಳಚಿದ್ದು ಆ ಕಾಲಿಗೆ ತಿಳಿದೇ ಇಲ್ಲ. ಹಿಂದೊಮ್ಮೆ ಒಂದು ಅಪಘಾತದ ಫೈಲಿನಲ್ಲಿ ವೈದ್ಯರ ಸಾಕ್ಷಿ ಓದಿದ್ದೆ: ತಲೆಗೆ ಪೆಟ್ಟು ಬಿದ್ದ ದಿನ ಏನೂ ಕಾಣದೆ, ವಾರಗಳ ಮೇಲೆ ಮರೆವು, ತಲೆನೋವು, ಒಂದು ಪಕ್ಕದ ಕೈಕಾಲು ಸೋಲುವುದು. ಆಗ ಅದು ನನಗೆ ಬರೀ ವಾದದ ಸಾಮಗ್ರಿಯಾಗಿತ್ತು. ಎರಡೂ ಕೈ ಮುಂದೆ ನೀಡಿ ಕಣ್ಣು ಮುಚ್ಚಿರಿ ಅಂತ ಚಾಚಿಗೆ ಹೇಳಿದೆ. ಎಡಗೈ ತಾನಾಗಿ ಕೆಳಗಿಳಿಯಿತು.

"ಚಾಚಾ, ಅರ್ಜಿ ಗಿರ್ಜಿ ಏನೂ ಬ್ಯಾಡ. ಈಗಿಂದೀಗ ಹುಬ್ಬಳ್ಳಿಗೆ ಹೋಗೂಣು."

"ನಾಳೆ ಜುಮ್ಮಾ ಐತಿ, ನಾಡದ ಹೋದ್ರ ನಡ್ಯಂಗಿಲ್ಲೇನ್ರಿ ಅಕ್ಕಾರ?"

"ನಡ್ಯಂಗಿಲ್ಲ!" ಎಂದು ಹೇಗೆ ಚೀರಿದೆನೋ, ಪಕ್ಕದ ಕೋಣೆಯ ಝೆರಾಕ್ಸಿನವನು ಎದ್ದು ಬಂದ. ಆ ದಿನದ ನನ್ನ ಕೇಸುಗಳನ್ನೆಲ್ಲ ಮುಂದಕ್ಕೆ ಹಾಕಿಸುವಂತೆ ಅವನ ಕೈಯಲ್ಲಿ ಚೀಟಿ ಕಳಿಸಿ ಗಾಡಿ ಹತ್ತಿಸಿದೆ.

ಹುಬ್ಬಳ್ಳಿಯ ದವಾಖಾನೆಯಲ್ಲಿ ತಲೆಯ ಸ್ಕ್ಯಾನ್ ಮಾಡಿದರು. ವೈದ್ಯರು ಚಿತ್ರವನ್ನು ಬೆಳಕಿಗೆ ಹಿಡಿದು ನಮಗೆ ತಿಳಿಯುವ ಹಾಗೆ ಹೇಳಿದರು. ತಲೆಬುರುಡೆಗೂ ಮಿದುಳಿಗೂ ನಡುವೆ ಬಲಗಡೆ ಒಂದು ಸಣ್ಣ ರಕ್ತನಾಳ ಹರಿದಿದೆ. ರಕ್ತ ಒಮ್ಮೆಲೇ ಸುರಿಯದೆ ವಾರಗಟ್ಟಲೆ ಜಿನುಗಿ ನಿಂತು ಮಿದುಳನ್ನು ಒತ್ತುತ್ತಿದೆ. ಬಲಗಡೆ ಒತ್ತಿದರೆ ಸೋಲುವುದು ಎಡಗೈ, ಎಡಗಾಲು. ಚಾಚಿ ಎದೆಯ ಬೇನೆಗೆಂದು ರಕ್ತ ತೆಳುವಾಗುವ ಗುಳಿಗೆ ನುಂಗುತ್ತಿದ್ದದ್ದೂ ಅದಕ್ಕೆ ಕೂಡಿಕೊಂಡಿತ್ತು. ಇನ್ನೊಂದೆರಡು ದಿನ ತಡವಾಗಿದ್ದರೆ ಎಚ್ಚರವೇ ತಪ್ಪುತ್ತಿತ್ತು ಅಂದರು.

ಬುರುಡೆಗೆ ಎರಡು ತೂತು ಕೊರೆದು ಆ ಹಳೆಯ ರಕ್ತವನ್ನು ಹೊರಗೆ ತೆಗೆದರು. ಚಾಚಾ ಹೊರಗೆ ಬೆಂಚಿನ ಮೇಲೆ ತಸಬಿಯ ಮಣಿ ಎಣಿಸುತ್ತ ಕುಳಿತಿದ್ದರು. ಅವರ ಪಕ್ಕದಲ್ಲೊಂದು ಪ್ಲಾಸ್ಟಿಕ್ ಚೀಲ. ಏನದು ಅಂತ ಕೇಳಿದೆ. ನಾವು ಹೊರಡುವ ಮೊದಲು ಅವರು ಬಸ್ ಸ್ಟ್ಯಾಂಡಿನ ತನಕ ಓಡಿಹೋಗಿ ಬಂದಿದ್ದರು. ಒಳಗೆ ಚಾಚಿಯ ಎಡಗಾಲ ಚಪ್ಪಲಿ ಇತ್ತು.

"ಎಚ್ಚರಾದ ಮ್ಯಾಲ ಬರಿಗಾಲ್ಲೆ ನಡೀಬಾರದಲ್ರಿ ಆಕಿ," ಅಂದರು.

ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ನಳದ ಹತ್ತಿರ ಹೋಗಿ ಮುಖ ತೊಳೆಯುವ ನೆವದಲ್ಲಿ ಅತ್ತೆ.

ಚಾಚಿ ಉಳಿದರು. ಮರೆವು ಮುಕ್ಕಾಲು ಪಾಲು ಹೋಯಿತು, ಕಾಲು ಸುಧಾರಿಸಿತು. ಎಡಗೈಯ ಹಿಡಿತ ಮಾತ್ರ ಪೂರ್ತಿ ಮರಳಲಿಲ್ಲ. ಬೋಳಿಸಿದ ತಲೆಯ ಮೇಲೆ ಸೆರಗು ಎಳೆದುಕೊಂಡು ಹಾಸಿಗೆಯಲ್ಲಿ ಕುಳಿತವರು ಒಂದು ದಿನ ನನ್ನನ್ನು ಕೇಳಿದರು:

"ಬೇಟಿ, ಮಂದಿ ಕೈಯಾಗ ಬಳಿ ಒಡದು ರಕ್ತಾ ಬರಿಸಿದೆ. ಕುಬಸದ ಹುಡಿಗಿ ಕೈಯಾಗನೂ ಒಡದೆ. ನನಗ ಸೊಕ್ಕ ಬಂದೈತಿ, ಅದಕ್ಕ ಅಲ್ಲಾ ಕೈ ಕಸಗೊಂಡ ಅಂತ ಓಣ್ಯಾಗ ಅಂತಾರ. ಅದು ನನ್ನ ತಪ್ಪಲ್ಲ ಅಂತ ಯಾರರ ಬರದು ಕೊಡ್ತಾರೇನು? ನೀ ಬರಿತಿಯಲ್ಲ ಕಾಗದಾ."

ಕುಬಸದ ಮನೆಯಲ್ಲಿ ಹಾಗಾದದ್ದು ನನಗೆ ಗೊತ್ತಾದದ್ದು ಆಗಲೇ. ನಾನು ಬರೆದರೆ ಯಾರು ನಂಬುತ್ತಾರೆ? ಬರೆಯಬೇಕಾದವರು ನ್ಯಾಯಾಧೀಶರು. ಅಪಘಾತದ ಪರಿಹಾರದ ಅರ್ಜಿಗೆ ಆರು ತಿಂಗಳ ಗಡುವು. ತಡವಾಗಿಯೇ ಠಾಣೆಗೆ ಫಿರ್ಯಾದಿ ಕೊಡಿಸಿದೆ. ಟಂಟಂ ಹುಡುಗನೇ ಬಂದು, "ಹಾಕ್ರಿ ಅಕ್ಕಾರ, ಚಾಚಿ ತಲಿ ನನ್ನ ಹಲಗಿಗೆ ಬಡದಿದ್ದು ನಾ ಕಣ್ಣಾರೆ ನೋಡೇನಿ. ಎಲ್ಲಿ ಬೇಕಾದ್ರೂ ಹೇಳ್ತೇನಿ," ಅಂದ. ಅವನ ಗಾಡಿಗೆ ವಿಮೆ ಇತ್ತು. ಹಾಗಾಗಿ ಎದುರು ನಿಂತದ್ದು ವಿಮಾ ಕಂಪನಿ.

ಕಂಪನಿಯ ವಕೀಲರು ಹಾವೇರಿಯವರು, ಮೆತ್ತಗೆ ಮಾತಾಡುವ ಸಜ್ಜನರು. ಅವರ ತಕರಾರು ನಾಲ್ಕೇ ಸಾಲಿನದು. ಅಪಘಾತದ ದಿನ ಬರೀ ಸಣ್ಣ ಗಾಯ. ಎರಡೇ ದಿನದಲ್ಲಿ ಅರ್ಜಿದಾರಳೇ ನನಗೇನೂ ಆಗಿಲ್ಲ ಎಂದು ಬರೆದುಕೊಟ್ಟಿದ್ದಾಳೆ. ರಕ್ತ ಸಿಕ್ಕಿದ್ದು ಆರು ವಾರದ ಮೇಲೆ. ರಕ್ತ ತೆಳುವಾಗುವ ಗುಳಿಗೆ ನುಂಗುವ ಮುದುಕಿ ಮನೆಯ ಬಚ್ಚಲಲ್ಲಿ ಬಿದ್ದಿರಬಹುದು. ಟಂಟಂ ಹುಡುಗನ ಮಾತನ್ನು ಅವರು ಒಂದೇ ಏಟಿಗೆ ತಳ್ಳಿಹಾಕಿದರು: ಕಾಲು ಮುಟ್ಟಿ ರಾಜಿಯಾದವನು, ಈಗ ಅವರ ಕಡೆಯವನೇ. ಹುಬ್ಬಳ್ಳಿಯ ವೈದ್ಯರು ಬಂದು ಸಾಕ್ಷಿ ಹೇಳಿದರು. ರಕ್ತ ವಾರಗಳಷ್ಟು ಹಳೆಯದು ನಿಜ, ಆದರೆ ಯಾವ ಪೆಟ್ಟಿನಿಂದ ಎಂದು ಚಿತ್ರ ನೋಡಿ ಹೇಳಲಾಗದು. ನಡುವಿನ ದಿನಗಳಲ್ಲಿ ಎಡಗೈ ಸ್ವಲ್ಪ ಸ್ವಲ್ಪವಾಗಿ ಸೋಲುತ್ತ ಬಂದದ್ದನ್ನು ಯಾರಾದರೂ ಕಂಡಿದ್ದರೆ ಸಂಬಂಧ ಗಟ್ಟಿಯಾಗುತ್ತದೆ ಅಂದರು. ಪ್ರಾಮಾಣಿಕ ಮನುಷ್ಯ. ನನಗೆ ಅವರ ಮೇಲೆ ಸಿಟ್ಟೂ ಬಂತು, ಗೌರವವೂ ಬಂತು.

ನಡುವಿನ ಆರು ವಾರ. ಚಾಚಾನ ಮಾತು ಗಂಡನ ಮಾತಾಯಿತು. ಚಾಚಿ ಆ ದಿನಗಳಲ್ಲಿ ದವಾಖಾನೆಗೆ ಹೋಗಲಿಲ್ಲ, ಯಾರ ಬಳಿಯೂ ಹೇಳಿಕೊಳ್ಳಲಿಲ್ಲ. ಆ ಎಡಗೈ ಸೋತದ್ದನ್ನು ಕಂಡವರು ಒಂದೇ ಕುಲದವರು: ಆ ದಿನಗಳಲ್ಲಿ ಬಳೆ ಇಡಿಸಿಕೊಂಡ ಹೆಂಗಸರು.

ನಾನು ಮನೆಮನೆ ತಿರುಗಿದೆ. ಗೊಟಗೋಡಿಯಲ್ಲಿ ಕಾಫಿ ಕೊಟ್ಟರು, ಬಂಕಾಪುರದಲ್ಲಿ ಊಟ ಹಾಕಿದರು, ಹಾನಗಲ್ಲಿನಲ್ಲಿ ಒಬ್ಬರು ಕುಪ್ಪಸದ ಬಟ್ಟೆಯಿಟ್ಟು ಉಡಿಯನ್ನೂ ತುಂಬಿದರು. ಚಾಚಿ ಹೇಗಿದ್ದಾರೆ ಎಂದು ಎಲ್ಲರೂ ಕಣ್ಣೊರೆಸಿಕೊಂಡರು. ಬಳೆಯ ಮಾತು ಎತ್ತಿದ ಕೂಡಲೇ ಮುಖ ಬೇರೆಯಾಗುತ್ತಿತ್ತು.

"ನಮ್ಮ ಮನ್ಯಾಗ ಹಂಗೇನೂ ಆಗಿಲ್ರಿ."

"ನಮ್ಮ ಸೊಸಿ ಕೈಯಾಗ? ಬಿಡ್ತು ಅನ್ರಿ!"

ಹುಲಗೂರಿನಲ್ಲಿ ಟಂಟಂ ಹುಡುಗನ ಹೆಂಡತಿ ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ತಿಕ್ಕುತ್ತಿದ್ದಳು. ನನ್ನ ಮಾತು ಕೇಳಿ ಕೂಸಿನ ಮೇಲೆ ಸೆರಗು ಹೊದಿಸಿದಳು. "ಇಲ್ರಿ," ಅಂದಳು, ಕಣ್ಣೆತ್ತಲಿಲ್ಲ. ಚಾಚಿಯೇ ಒಡೆಯಿತು ಅಂದಿದ್ದರು. ಇವಳು ಇಲ್ಲ ಅನ್ನುತ್ತಿದ್ದಾಳೆ. ನನ್ನ ತಾಳ್ಮೆ ಮೊದಲೇ ಕಡಿಮೆ.

"ಅಲ್ಲವ್ವಾ, ನಿನ್ನ ಸಲುವಾಗಿ ಆಕಿ ಫಿರ್ಯಾದಿ ಕೊಡಲಿಲ್ಲ. ನೀ ಒಂದ ಮಾತ ಹೇಳಿದ್ರ ನಿನ್ನ ಗಂಟೇನ ಹೊಕ್ಕೈತಿ?" ಅಂದುಬಿಟ್ಟೆ.

ಅವಳು ಆಗ ತಲೆಯೆತ್ತಿ ನನ್ನನ್ನು ನೋಡಿದಳು. ಹುಡುಗಿಗೆ ಇಪ್ಪತ್ತೆರಡು ಇದ್ದೀತು.

"ನಿಮ್ಮ ಕೈಯಾಗ ಒಡದಿದ್ರ ನೀವ ಹೇಳ್ತಿದ್ರೇನ್ರಿ, ಅಕ್ಕಾರ?"

ಆ ಪ್ರಶ್ನೆ ಕೇಳುವಾಗ ಅವಳಿಗೆ ಏನೂ ಗೊತ್ತಿರಲಿಲ್ಲ. ನಾನು ಮಣಿಕಟ್ಟನ್ನು ಸೆರಗಿನೊಳಗೆ ಎಳೆದುಕೊಂಡೆ. ಅಲ್ಲಿ ಅಕ್ಕಿಕಾಳಿನಷ್ಟು ಕಲೆ ಇನ್ನೂ ಇತ್ತು. ನಾಲ್ಕೂರು ತಿರುಗಿ ಹಳ್ಳಿಯ ಹೆಂಗಸರಿಗೆ ಧೈರ್ಯ ಹೇಳುತ್ತಿದ್ದವಳು ನನ್ನ ಕೈಯನ್ನು ಮಾತ್ರ ಯಾರಿಗೂ ತೋರಿಸಿರಲಿಲ್ಲ.

ಬಸ್ಸಿನಲ್ಲಿ ವಾಪಸು ಬರುವಾಗ ಲೆಕ್ಕ ಹಾಕಿದೆ. ವಕೀಲರಿಗೊಂದು ನಿಯಮವಿದೆ: ತಾನೇ ಸಾಕ್ಷಿಯಾಗಬೇಕಾದ ಪ್ರಕರಣವನ್ನು ತಾನು ನಡೆಸಬಾರದು. ನಾನು ಕಟಕಟೆ ಹತ್ತಬೇಕಾದರೆ ಚಾಚಿಯ ವಕಾಲತ್ತು ಬಿಡಬೇಕು. ಹತ್ತಿದರೆ, ಆ ರಾಜಿ ಕಾಗದದ ಮಾತುಗಳು ಚಾಚಿಯವಲ್ಲ, ನನ್ನ ರೂಢಿಯವು ಎಂದೂ ಎಲ್ಲರ ಮುಂದೆ ಒಪ್ಪಿಕೊಳ್ಳಬೇಕು. ಇಷ್ಟು ವರ್ಷ ಗಳಿಸಿದ ಹೆಸರು. ನಾಳೆ ಯಾರು ನನ್ನಿಂದ ಕಾಗದ ಬರೆಸುತ್ತಾರೆ? ಅಂಜಿಕೆ ಬಂತು, ಸುಳ್ಳು ಯಾಕೆ ಹೇಳಲಿ. ಸವಣೂರು ಬರುವಷ್ಟರಲ್ಲಿ ಒಂದು ವಿಷಯ ಮಾತ್ರ ಸ್ಪಷ್ಟವಾಗಿತ್ತು. ಚಾಚಿಗೆ ಬೇಕಾದ ಕಾಗದವನ್ನು ನ್ಯಾಯಾಧೀಶರು ಬರೆಯಬೇಕಾದರೆ, ನಾನು ಬರೆದ ಕಾಗದವನ್ನು ನಾನೇ ಹರಿಯಬೇಕು.

ಫೈಲು ಯಾರಿಗೆ ಕೊಡುವುದು? ನಮ್ಮ ಕೋರ್ಟಿನಲ್ಲಿ ನನ್ನ ಜೊತೆ ಒಂದು ದಿನವೂ ನೆಟ್ಟಗೆ ಮಾತಾಡದ ವಕೀಲರೊಬ್ಬರಿದ್ದಾರೆ. ಫ್ಯಾನಿನ ಕೆಳಗಿನ ಕುರ್ಚಿಗೆ ಶುರುವಾದ ಜಗಳ, ಎಷ್ಟೋ ವರ್ಷದ್ದು. ಆದರೆ ಅಪಘಾತದ ಕೇಸಿನಲ್ಲಿ ಅವರಷ್ಟು ಗಟ್ಟಿಗರು ಇಲ್ಲ. ಅವರ ಮೇಜಿನ ಮೇಲೆ ಫೈಲು ಇಟ್ಟು ನಡೆದದ್ದನ್ನೆಲ್ಲ ಹೇಳಿದೆ. ಅವರು ರಾಜಿ ಕಾಗದವನ್ನು ಎರಡು ಸಲ ಓದಿ ಕನ್ನಡಕ ತೆಗೆದರು.

"ಇಂಥಾ ದಡ್ಡ ಒಕ್ಕಣಿ ಯಾರ ಬರದಾರಂತ ಕಟಕಟ್ಯಾಗ ನಿಮ್ಮನ್ನ ಕೇಳ್ತೇನಿ ನೋಡ್ರಿ."

"ಕೇಳ್ರಿ. ನಾನ ಅಂತೇನಿ."

"ಹಂಗಾದ್ರ ಫೀ ಬ್ಯಾಡ," ಅಂದರು. "ಇದೊಂದ ಪ್ರಶ್ನೆ ಕೇಳಾಕ ಸಿಕ್ರ ನನಗ ಸಾಕು."

ಸಾಕ್ಷಿಯ ದಿನ ಕರಿ ಕೋಟು ತೆಗೆದಿಟ್ಟು ಇಲಕಲ್ ಸೀರೆ ಉಟ್ಟು ಹೋದೆ. ದಿನಾ ನಿಲ್ಲುವ ಜಾಗಕ್ಕೂ ಕಟಕಟೆಗೂ ಐದು ಹೆಜ್ಜೆ. ಆ ಐದು ಹೆಜ್ಜೆ ಬಹಳ ದೂರವಾಗಿತ್ತು. ಪ್ರಮಾಣ ಮಾಡಿದೆ. ಫೈಲು ಹಿಡಿದ ಆ ವಕೀಲರು ಹೇಳಿದ್ದ ಪ್ರಶ್ನೆಯನ್ನೇ ಮೊದಲು ಕೇಳಿದರು. ಕಾಗದ ಬರೆದವಳು ನಾನು. ಚಾಚಿ ಹೇಳಿದ್ದು ನನಗೇನೂ ಆಗಿಲ್ಲ, ಈ ಹುಡುಗನ ಮೇಲೆ ಫಿರ್ಯಾದಿ ಬೇಡ ಎಂದಷ್ಟೇ. 'ಮುಂದೆಯೂ' ಎಂಬುದು ನನ್ನ ಕೈಯಿಂದ ಬಂದದ್ದು. ಅದನ್ನು ಅವರಿಗೆ ಓದಿ ಸಹ ಹೇಳಲಿಲ್ಲ, ಎಂದೆ. ಆಮೇಲೆ ಮಣಿಕಟ್ಟು ತೋರಿಸಿದೆ. ಪಂಚಮಿಯ ದಿನ ಮೂರು ಬಳೆ ಒಡೆದದ್ದು, ಎಡಗೈ ನನ್ನ ಗೆಣ್ಣನ್ನು ಹಿಡಿಯಲಾಗದೆ ಜಾರುತ್ತಿದ್ದದ್ದು, ರಕ್ತ ಬಂದದ್ದು, ಎಲ್ಲವನ್ನೂ ಹೇಳಿದೆ. ಹಿಂದಿನ ಬೆಂಚಿನಲ್ಲಿ ಕುಳಿತ ಹೆಂಗಸರು ಗುಸುಗುಸು ಶುರುಮಾಡಿದರು.

ಕಂಪನಿಯ ವಕೀಲರು ಪಾಟೀಸವಾಲಿಗೆ ಎದ್ದರು.

"ಬಳಿ ಒಡದದ್ದನ್ನ ಆವತ್ತು ಯಾರಿಗರ ಹೇಳಿದ್ರೇನು?"

"ಇಲ್ರಿ."

"ಯಾಕ್ರಿ?"

"ಅಪಶಕುನ ಅಂತ ಅಂಜಿದ್ದೆ."

"ಓದಿದವರು, ವಕೀಲರು, ನೀವು?"

"ಹೌದ್ರಿ. ನಾನೂ." ಕೋರ್ಟು ನಕ್ಕಿತು. ನ್ಯಾಯಾಧೀಶರು ನಗಲಿಲ್ಲ, ಬರೆದುಕೊಳ್ಳುತ್ತಿದ್ದರು.

"ಅರ್ಜಿದಾರರು ನಿಮಗ ತಾಯಿ ಸಮಾನ ಅಲ್ಲೇನ್ರಿ?" ಎಂದು ಕಂಪನಿಯ ವಕೀಲರು ಕೊನೆಗೆ ಕೇಳಿದರು. ಹೌದು ಅಂದೆ. ಅಷ್ಟು ಸಾಕಾಗಿತ್ತು ಅವರಿಗೆ. ಮಮತೆಯ ಸಾಕ್ಷಿ ತೂಕದಲ್ಲಿ ಕಡಿಮೆ, ಅದು ನನಗೂ ಗೊತ್ತಿತ್ತು. ಹೊರಗೆ ಬಂದಾಗ ನನ್ನ ಹಳೆಯ ವೈರಿ ಒಂದು ಲೋಟ ಚಹಾ ಮುಂದೆ ಹಿಡಿದರು. ಅವರು ನನಗೆ ಚಹಾ ಕೊಟ್ಟದ್ದು ಅದೇ ಮೊದಲ ಸಲ.

ಮುಂದಿನ ತಾರೀಖಿಗೆ ನಾನು ಹಿಂದಿನ ಬೆಂಚಿನಲ್ಲಿ ಕುಳಿತಿದ್ದೆ, ಚಾಚಿಯ ಪಕ್ಕದಲ್ಲಿ. ಬಾಗಿಲಲ್ಲಿ ಟಂಟಂ ಹುಡುಗನ ಹೆಂಡತಿ ಬಂದು ನಿಂತಳು. ಕಂಕುಳಲ್ಲಿ ಕೂಸು, ಆಗಲೇ ಹಲ್ಲು ಬಂದು ದುಂಡಗಾಗಿತ್ತು. ಕೋರ್ಟಿನಲ್ಲಿ ನಾನು ಕೈ ತೋರಿಸಿದ ಸುದ್ದಿ ಹುಲಗೂರಿನ ನಳದ ಕಟ್ಟೆಗೆ ತಲುಪಿತ್ತಂತೆ. ಅವಳು ನನ್ನ ವೈರಿಯ ಬಳಿ ಹೋಗಿ ಏನೋ ಹೇಳಿದಳು. ಅವರು ಅರ್ಜಿ ಕೊಟ್ಟು ಅವಳನ್ನು ಸಾಕ್ಷಿಗೆ ಕರೆಸಿಕೊಂಡರು. ಕೂಸನ್ನು ಚಾಚಿಯ ಮಡಿಲಿಗೆ ಹಾಕಿ ಅವಳು ಕಟಕಟೆ ಹತ್ತಿದಳು.

"ನನ್ನ ಕುಬಸದಾಗ ನಾಕ ಬಳಿ ಒಡದ್ವುರಿ. ಚಾಚಿ ಎಡಗೈ ನಡಗತಿತ್ರಿ. ಹೊಟ್ಯಾಗಿನ ಕೂಸಿಗೆ ಕೇಡ ಆಕ್ಕೈತಿ ಅಂತ ಅಂಜಿ ನಮ್ಮತ್ತಿಗೂ ಹೇಳಲಿಲ್ಲ. ದಿನಾ ಅಳತಿದ್ನಿ. ಈಗ ಕೂಸ ನೋಡ್ರಿ, ಏನಾಗೇತಿ ಅದಕ್ಕ?"

ಎಲ್ಲರೂ ತಿರುಗಿ ನೋಡಿದರು. ಕೂಸು ಚಾಚಿಯ ತಸಬಿಯನ್ನು ಬಾಯಲ್ಲಿಟ್ಟುಕೊಂಡು ಚೀಪುತ್ತಿತ್ತು. ಕಂಪನಿಯ ವಕೀಲರು ಎದ್ದು, ಗಂಡ ಹೇಳಿಕೊಟ್ಟು ಕಳಿಸಿದನೇ ಎಂದು ಒಂದೇ ಪ್ರಶ್ನೆ ಕೇಳಿದರು.

"ಅವಗಿನ್ನೂ ಗೊತ್ತ ಇಲ್ರಿ. ಮನಿಗೆ ಹೋದ ಮ್ಯಾಲ ಹೇಳ್ಬೇಕು," ಅಂದಳು. ಅವರು ಕುಳಿತುಬಿಟ್ಟರು.

ತೀರ್ಪು ಬಂದ ದಿನ ದೃಢೀಕೃತ ನಕಲು ತೆಗೆದುಕೊಂಡು ನೇರ ಚಾಚಿಯ ಮನೆಗೆ ಹೋದೆ. ಚಾಚಾ ಮೊತ್ತ ಎಷ್ಟು ಎಂದು ಕೇಳಲಿಲ್ಲ, ಚಾಚಿಯೂ ಕೇಳಲಿಲ್ಲ. "ಬರದಾರೇನು?" ಅಂತ ಮಾತ್ರ ಕೇಳಿದರು. ನಾನು ಓದಿದೆ: ನಡುವಿನ ದಿನಗಳಲ್ಲಿ ಎಡಗೈಯ ಬಲ ಕುಂದುತ್ತ ಬಂದದ್ದು ಸಾಬೀತಾಗಿದೆ, ಅದು ಸದರಿ ಅಪಘಾತದ ಪೆಟ್ಟಿನಿಂದಲೇ ಉಂಟಾದದ್ದು, ತಿಳಿಯದೆ ಇದ್ದ ಗಾಯದ ಬಗ್ಗೆ ಮಾಡಿದ ರಾಜಿ ಅರ್ಜಿದಾರಳನ್ನು ಕಟ್ಟಿಹಾಕುವುದಿಲ್ಲ, ಇದರಲ್ಲಿ ಅರ್ಜಿದಾರಳ ತಪ್ಪು ಏನೂ ಇಲ್ಲ.

"ಇನ್ನೊಮ್ಮೆ ಓದು, ಕಡೀ ಸಾಲು."

ಓದಿದೆ. ಅವರು ಆ ಹಾಳೆಗಳನ್ನು ತೆಗೆದುಕೊಂಡು ಬಳೆಯ ಪೆಟ್ಟಿಗೆಯ ತಳಕ್ಕೆ, ಕೆಂಪು ಕಾಗದದ ಕೆಳಗೆ ಮಡಚಿಟ್ಟರು. ಪೆಟ್ಟಿಗೆ ತೆರೆದೇ ಇತ್ತು. ಹಸಿರು ಬಳೆಯ ಒಂದು ಸರವನ್ನು ಮೇಲೆತ್ತಿ, ಕೇಳಲೋ ಬೇಡವೋ ಎಂಬಂತೆ ನನ್ನ ಕಡೆ ನೋಡಿದರು. ನಾನೇ ಚಾಪೆಯ ಮೇಲೆ ಕುಳಿತು ಅವರ ತೊಡೆಯ ಮೇಲೆ ಕೈ ಇಟ್ಟೆ.

"ಒಡದ್ರ?" ಅಂದರು.

"ಒಡದ್ರ ಒಡೀಲಿ. ಈ ಸಲ ಸುಮ್ಮನ ಇರಂಗಿಲ್ಲ ನಾ."

ಅವರ ಎಡಗೈ ನನ್ನ ಗೆಣ್ಣುಗಳನ್ನು ಹಿಡಿಯಿತು. ಮೊದಲಿನ ಹಿಡಿತವಲ್ಲ, ಸ್ವಲ್ಪ ನಡುಗುತ್ತಿತ್ತು, ನಡುನಡುವೆ ಸುಸ್ತಾಗಿ ನಿಲ್ಲುತ್ತಿತ್ತು. ಒಂದು, ಎರಡು, ಮೂರು ಏರಿದವು. ಚಾಚಾ ತುಟಿಯಲ್ಲೇ ಎಣಿಸುತ್ತಿದ್ದರು. ನಾಲ್ಕನೆಯದು ಗೆಣ್ಣಿನ ಮೇಲೆ ಚಟ್ ಅಂತ ಒಡೆಯಿತು.

"ಅಯ್ಯಯ್ಯೋ ಚಾಚಿ, ಒಡೀತು! ನನ್ನ ಕೈಯಾಗ ಬಳಿ ಒಡೀತು!" ಎಂದು ಇಡೀ ಓಣಿಗೆ ಕೇಳುವ ಹಾಗೆ ಕೂಗಿದೆ. ಎದುರು ಮನೆಯವರು ಹೊರಗೆ ಬಂದರು. ಚಾಚಿ ಒಂದು ಗಳಿಗೆ ನನ್ನ ಮುಖ ನೋಡಿ, ಆಮೇಲೆ ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. ಮತ್ತೆ ಬೆಳೆದು ಬಂದಿದ್ದ ಬಿಳಿಗೂದಲಿನ ಮೇಲಿಂದ ಸೆರಗು ಜಾರಿದ್ದೂ ಗೊತ್ತಾಗಲಿಲ್ಲ ಅವರಿಗೆ.

"ಇನ್ನೊಂದ ತಗೀರಿ," ಅಂತ ಕೈಯನ್ನು ಮತ್ತೆ ಅಲ್ಲೇ ಇಟ್ಟೆ.